ಯಾರೂ ಕೂರದ ಕುರ್ಚಿ

ತಂಪು ಕೆಳಗಿಳಿಯುತ್ತದೆ, ಬಿಸಿ ಮೇಲೇರುತ್ತದೆ. ಫ್ರಿಜ್ ರಿಪೇರಿ ಕಲಿಯಲು ಹೋದವನಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ಮನೆಯ ಫ್ರಿಜ್ಜಿನಲ್ಲಿ ಐಸಿನ ಗೂಡು ಮೇಲಿರುವುದೂ ಅದಕ್ಕೇ. ಹನ್ನೆರಡು ವರ್ಷ ಈ ಕಸುಬು ಮಾಡಿ ಕೈ ಪಳಗಿದ ಮೇಲೆ ನಾನು ಈ ಪಾಠಕ್ಕೆ ವಿರುದ್ಧವಾಗಿ ಒಂದು ಗಾಡಿ ಕಟ್ಟಿದೆ. ಗೊತ್ತಿಲ್ಲದೆ ಕಟ್ಟಿದ್ದರೆ ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುತ್ತಿರಲಿಲ್ಲ.

ಆಗ ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಶೆಟರಿನ ಅಂಗಡಿ ಇತ್ತು. ಒಳಗೆ ಗ್ಯಾಸ್ ಸಿಲಿಂಡರು, ತಾಮ್ರದ ಪೈಪಿನ ಸುರುಳಿ, ಬಾಗಿಲು ಕಳಚಿದ ನಾಲ್ಕಾರು ಫ್ರಿಜ್ಜು. ಊರಲ್ಲಿ ಎಸಿ ಇದ್ದ ಕಾರುಗಳು ಬೆರಳೆಣಿಕೆಯಷ್ಟು. ಬೇಸಿಗೆ ಬಂತೆಂದರೆ ಅವುಗಳ ಮಾಲೀಕರೆಲ್ಲ ನನ್ನ ಅಂಗಡಿ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಿಲ್ಲುತ್ತಿದ್ದರು. ಅದರಿಂದ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು. ಬಾನೆಟ್ಟಿಗೆ ನಿಂಬೆಹಣ್ಣು ಕಟ್ಟುವವರನ್ನು, ಮಂಗಳವಾರ ಹೊಸ ಕೆಲಸ ಹಿಡಿಯದವರನ್ನು ಕಂಡರೆ ಸುಮ್ಮನೆ ಬಿಡುತ್ತಿರಲಿಲ್ಲ. "ಕಂಪ್ರೆಸರಿಗೆ ರಾಹುಕಾಲ ಗೊತ್ತಿಲ್ರಿ" ಎನ್ನುವುದು ನನ್ನ ಖಾಯಂ ಮಾತು. ನಾಲ್ಕು ಜನ ನಕ್ಕರೆ ಐದನೆಯ ಸಲವೂ ಅದನ್ನೇ ಹೇಳುತ್ತಿದ್ದೆ.

ತೊಂಬತ್ತೆಂಟರ ಬೇಸಿಗೆ ಇನ್ನೂ ಕಾಲಿಡುತ್ತಿದ್ದಾಗ ಮೆಕ್ಕೆಜೋಳದ ವ್ಯಾಪಾರದ ಸಾಹುಕಾರರೊಬ್ಬರು ಅಂಗಡಿಗೆ ಬಂದರು. ಎಪ್ಪತ್ತರ ಮೇಲಿನ ವಯಸ್ಸು, ಮೆಟ್ಟಿಲು ಹತ್ತಿದರೆ ಏದುಸಿರು. ಸ್ಟೂಲಿನ ಮೇಲೆ ಕೂತು, ಉಸಿರು ಹದಕ್ಕೆ ಬಂದ ಮೇಲೆ ಕೇಳಿದರು.

"ಸತ್ತೋರನ್ನ ಕೂಡಿಸಿ ತರೋ ಗಾಡಿ ಬೇಕಪ್ಪ. ಒಳಗ ತಂಪಿರಬೇಕು. ಆಗ್ತೈತೇನು?"

ನಾನು ನಗಲಿಲ್ಲ. ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ಬಿಗಿಯುವ ಮೊದಲೇ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಕೂತಂತೆಯೇ ಮೆರವಣಿಗೆ, ಕೂತಂತೆಯೇ ಮಣ್ಣು. ಮಣ್ಣಿಗೆ ಬಂದವರು ಎದುರು ನಿಂತು ಮುಖ ನೋಡುತ್ತಾರೆ. ತಡವಾಗಿ ಓಡಿಬಂದ ಮಗಳನ್ನೋ ತಮ್ಮನನ್ನೋ ಜನ ಮೊದಲು ಕೇಳುವ ಮಾತು ಒಂದೇ, "ಮುಖ ಸಿಕ್ತಾ?" ಸಿಕ್ಕಿತೆಂದರೆ ಅಳುವುದಕ್ಕೂ ಒಂದು ಸಮಾಧಾನ. ಸಿಗಲಿಲ್ಲವೆಂದರೆ ಆ ಕೊರಗು ಸಾಯುವ ತನಕ ಇರುತ್ತದೆ.

ಸಾಹುಕಾರರ ಹೆಂಡತಿ ಹಿಂದಿನ ವರ್ಷ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಏಪ್ರಿಲ್ ತಿಂಗಳು. ಒಂದು ಮಟಾಡೋರಿನಲ್ಲಿ ಐಸಿನ ಗಡ್ಡೆಗಳ ನಡುವೆ ಮಲಗಿಸಿ ತಂದರಂತೆ. ದಾರಿಯುದ್ದಕ್ಕೂ ಐಸು ಕರಗಿ ನೀರು ಮುಖದ ಮೇಲೆ ಹರಿದು, ಊರು ಮುಟ್ಟುವಷ್ಟರಲ್ಲಿ ಚರ್ಮ ಸುಲಿದ ಹಾಗಾಗಿತ್ತು. ಮೈ ಮರಗಟ್ಟಿ ಕೂಡಿಸಲೂ ಆಗಲಿಲ್ಲ. ಮುಖಕ್ಕೆ ಬಟ್ಟೆ ಮುಚ್ಚಿಯೇ ಮಣ್ಣು ಮಾಡಿದರು. ಐವತ್ತು ವರ್ಷ ಜೊತೆಗಿದ್ದವಳ ಮುಖ ಕೊನೆಗೆ ತನಗೆ ಸಿಗಲಿಲ್ಲ ಎಂದು ಹೇಳುವಾಗ ಆ ಮನುಷ್ಯ ನನ್ನನ್ನು ನೋಡುತ್ತಿರಲಿಲ್ಲ, ಬಾಗಿಲು ಕಳಚಿದ ಫ್ರಿಜ್ಜಿನ ಒಳಗೆ ನೋಡುತ್ತಿದ್ದರು.

"ಇನ್ಯಾರಿಗೂ ಹಂಗಾಗಬಾರದು. ಗಾಡಿ ಧರ್ಮಕ್ಕೆ ಬಿಡ್ತೀನಿ, ಕೇಳಿದೋರಿಗೆ ಕಳಿಸ್ತೀನಿ. ಒಂದೇ ಮಾತು. ಮುಖದ ಮ್ಯಾಲೆ ಒಂದು ಹನಿ ನೀರು ಬೀಳಬಾರದು."

"ಬೀಳಂಗಿಲ್ಲ ಬಿಡ್ರಿ ಸಾವ್ಕಾರ್ರೇ" ಎಂದೆ. ಅಷ್ಟು ಸಲೀಸಾಗಿ ಎಂದೆ.

ಗಾಡಿಯ ಬಾಡಿ ಕಟ್ಟುವ ಕೆಲಸ ಹರಿಹರದ ಒಬ್ಬ ಮೇಸ್ತ್ರಿಯದು. ಹೈವೇ ಪಕ್ಕ ಶೆಡ್ಡು ಹಾಕಿಕೊಂಡು ಲಾರಿಗಳಿಗೆ ಮರದ ಬಾಡಿ ಕಟ್ಟುತ್ತಿದ್ದ ಸಾಬರು, ಬಿಳಿಗಡ್ಡದವರು. ಮಾತು ಕಮ್ಮಿ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. ಸಾಹುಕಾರರು ಕೊಟ್ಟ ಹಳೇ ಮಿನಿ ಲಾರಿಯ ಹಿಂದಿನ ಸರಕಿನ ಡಾಲಾ ಬಿಚ್ಚಿ ಹಾಕಿ, ಆ ಜಾಗದಲ್ಲಿ ಆಳೆತ್ತರದ ಪೆಟ್ಟಿಗೆ ಕಟ್ಟಿದೆವು. ಎರಡು ತಗಡಿನ ನಡುವೆ ಥರ್ಮೋಕೋಲು, ಬಾಗಿಲಿಗೆ ರಬ್ಬರಿನ ಬೀಡಿಂಗು. ಒಳಗೆ ಸಾಗವಾನಿಯ ಒಂದೇ ಒಂದು ಕುರ್ಚಿ. ಬೆನ್ನು ಆನಿಸಲು ಎತ್ತರದ ಹಲಗೆ, ಎದೆಗೊಂದು ಹಣೆಗೊಂದು ಮೆತ್ತನೆಯ ಪಟ್ಟಿ. ಮೇಸ್ತ್ರಿ ಕುರ್ಚಿಯ ಕೈಗಳಿಗೆ ರಂದಾ ಹೊಡೆದು ಹೊಡೆದು ಕನ್ನಡಿಯಂತೆ ನುಣುಪು ಮಾಡಿದ್ದರು.

"ನಮ್ಮಲ್ಲಿ ಮಲಗಿಸ್ತೀವಿ. ಆದ್ರೂ ಕೂಡೋರಿಗೆ ಚುಚ್ಚಬಾರದು ನೋಡ್ರಿ" ಎಂದು ಒಂದು ದಿನ ತಾವಾಗಿಯೇ ಹೇಳಿದರು. ನನಗೆ ಕುರ್ಚಿಯ ಮೇಲೆ ಅಂಥ ಗೌರವವೇನೂ ಇರಲಿಲ್ಲ. ನನ್ನ ಕಣ್ಣು ಮಷೀನಿನ ಮೇಲೆ.

ಕಂಪ್ರೆಸರು ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿದ್ದು, ಒಂದು ಟೂರಿಸ್ಟ್ ಬಸ್ಸಿನದು. ಅದನ್ನು ಇಂಜಿನ್ನಿನ ಪಕ್ಕ ಕೂರಿಸಲು ಬ್ರಾಕೆಟ್ ಬೇಕಿತ್ತು. ಹರಿಹರದ ಲೇತಿನವನು ಮೂರು ಸಲ ಮಾಡಿದ, ಮೂರು ಸಲವೂ ಬೆಲ್ಟು ಓರೆಯಾಗಿ ಓಡಿತು. ನಾಲ್ಕನೆಯದಕ್ಕೆ ನಾನೇ ಅವನ ಪಕ್ಕ ನಿಂತು ಬೈಯುತ್ತಾ ಮಾಡಿಸಿದೆ. ರೇಡಿಯೇಟರಿನ ಮುಂದೆ ಕಂಡೆನ್ಸರು, ಅದಕ್ಕೆ ಬೇರೆ ಫ್ಯಾನು, ಚಾಸಿಯ ಉದ್ದಕ್ಕೂ ತಾಮ್ರದ ಪೈಪು. ಎಲ್ಲ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ಎಂದು ಎರಡೆರಡು ಸಲ ನೋಡಿದೆ. ಕ್ಯಾಬಿನ್ನಿನ ಡ್ಯಾಶ್‌ಬೋರ್ಡಿನ ಮೇಲೆ ಪೆಟ್ಟಿಗೆಯ ತಂಪು ತೋರಿಸುವ ಮುಳ್ಳಿನ ಮೀಟರೊಂದನ್ನು ಕೂರಿಸಿದೆ. ದಾವಣಗೆರೆಯಲ್ಲಿ ಯಾರೂ ಕಂಡಿರದ ಮೀಟರು ಅದು.

ಉಳಿದದ್ದು ಕೂಲಿಂಗ್ ಕಾಯಿಲು. ಒಳಗೆ ತಂಪು ಹುಟ್ಟುವುದೇ ಅದರಲ್ಲಿ. ಮೇಸ್ತ್ರಿ ಸಹಜವಾಗಿ ಮಾಡಿನ ಕೆಳಗೆ, ತಲೆಯ ಮೇಲ್ಭಾಗದಲ್ಲಿ ಅದಕ್ಕೆ ಚೌಕಟ್ಟು ಮಾಡಿಟ್ಟಿದ್ದರು.

ನಾನು ತಡೆದೆ. ಕಾಯಿಲು ಬೆವರುತ್ತದೆ, ಬೆವರಿದ್ದು ಹನಿಯಾಗಿ ಬೀಳುತ್ತದೆ. ಕೆಳಗೆ ಟ್ರೇ ಇಟ್ಟರೂ ಘಾಟಿಯ ತಿರುವಿನಲ್ಲಿ ಗಾಡಿ ಓಲಾಡಿದರೆ ನೀರು ತುಳುಕಿ ನೇರ ಮುಖದ ಮೇಲೆ. ಸಾಹುಕಾರರು ಬೇಡವೆಂದದ್ದೇ ಅದು. ಹಾಗಾಗಿ ಕಾಯಿಲನ್ನು ಕುರ್ಚಿಯ ಕೆಳಗೆ ಇಡಿಸಿದೆ.

"ತಂಪು ಮ್ಯಾಲೆ ಹತ್ತತೈತಾ?" ಮೇಸ್ತ್ರಿ ಕೇಳಿದರು.

"ಬ್ಲೋವರ್ ಐತಲ್ಲ, ಗಾಳಿ ಮ್ಯಾಲೆ ದಬ್ಬತೈತೆ."

ಅವರು ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು, ಮತ್ತೆ ಕಿವಿಗೇ ಸಿಕ್ಕಿಸಿಕೊಂಡು ಚೌಕಟ್ಟು ಬಿಚ್ಚಿದರು. ಬ್ಲೋವರು ದಬ್ಬುತ್ತದೆ ಎನ್ನುವುದು ಸುಳ್ಳೇನಲ್ಲ. ಎಷ್ಟೆತ್ತರಕ್ಕೆ ದಬ್ಬುತ್ತದೆ ಎನ್ನುವುದನ್ನು ನೋಡಬೇಕಿತ್ತು, ಅಷ್ಟೇ.

ನೋಡುವ ದಿನವೂ ಬಂತು. ಮಾರ್ಚ್ ಕೊನೆಯ ಬಿಸಿಲು. ಸಾಹುಕಾರರು ದಾವಣಗೆರೆಯಿಂದ ಬಂದು ಶೆಡ್ಡಿನಲ್ಲಿ ಕೂತಿದ್ದರು. ಲೇತಿನವನು, ವೆಲ್ಡಿಂಗಿನವನು, ಗಾಡಿಯ ಡ್ರೈವರ್ ಎಲ್ಲ ಸೇರಿದ್ದರು. ಇಂಜಿನ್ ಚಾಲೂ ಮಾಡಿದೆ, ಮೀಟರಿನ ಮುಳ್ಳು ಇಳಿಯತೊಡಗಿತು. ಮೇಸ್ತ್ರಿ ಹತ್ತಿರ ಬಂದು, "ಯಾರಾರ ಒಬ್ರು ಒಳಗ ಕೂಡ್ರಿ. ತಂಪು ಎಲ್ಲಿ ತನಕ ಬರ್ತೈತೆ ಗೊತ್ತಾಗ್ತೈತೆ" ಎಂದರು.

ವೆಲ್ಡಿಂಗಿನವನು ಬೀಡಿ ಹಚ್ಚುವ ನೆಪದಲ್ಲಿ ಹೊರಗೆ ಹೋದ. ಲೇತಿನವನು ಕೈ ಮುಗಿದುಬಿಟ್ಟ. ಡ್ರೈವರ್, "ಹೆಣದ ಕುರ್ಚಿ ಅದು. ಮೊದಲು ಜೀವಂತ ಇರೋನು ಕೂತ್ರೆ ಅವನನ್ನೇ ಬೇಡ್ತೈತೆ ಅಂತಾರೆ" ಎಂದ. ಬೇಕಾದರೆ ಗಾಡಿಯನ್ನು ದೆವ್ವ ಬಿಡಿಸುವ ಉಕ್ಕಡಗಾತ್ರಿಗೆ ಒಯ್ದು, ಅಜ್ಜಯ್ಯನ ಮುಂದೆ ನಿಲ್ಲಿಸಿ ಕಾಯಿ ಒಡೆಸಿದ ಮೇಲೆ ನೋಡೋಣ ಎಂದೂ ಸೇರಿಸಿದ.

ನನಗೆ ಹಬ್ಬವೇ ಆಯಿತು. "ಏನ್ರಪ್ಪ, ಕುರ್ಚಿ ಕಚ್ಚತೈತಾ? ಸಾಗವಾನಿ ಹಲಗೆಗೆ ಹೆಣ ಯಾವ್ದು, ಮನುಷ್ಯ ಯಾವ್ದು ಗೊತ್ತಾಗ್ತೈತಾ?" ಎಂದು ಆಡಿಕೊಂಡೆ.

ಮೇಸ್ತ್ರಿ ನಗಲಿಲ್ಲ. "ಹಂಗಾದ್ರ ನೀವೇ ಕೂಡ್ರಿ" ಎಂದರು.

ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಒಳಗೆ ಕತ್ತಲು, ಹೊಸ ಮರದ ವಾಸನೆ, ಎದೆಯ ಪಟ್ಟಿ ಬಿಚ್ಚಿಕೊಂಡು ಜೋತಾಡುತ್ತಿತ್ತು. ಯಾರೋ ಈಗಷ್ಟೇ ಎದ್ದು ಹೋಗಿ ನನಗೆ ಜಾಗ ಬಿಟ್ಟ ಹಾಗಿತ್ತು. ಮನೆಯಲ್ಲಿ ನನ್ನ ಹೆಂಡತಿ ಎಂಟು ತಿಂಗಳ ಬಸುರಿ, ಚೊಚ್ಚಲು. ಆ ಕ್ಷಣ ತಲೆಗೆ ಬಂದದ್ದು ಅದೊಂದೇ. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದೆ.

"ನಾನು ಒಳಗ ಕೂತ್ರೆ ಇಲ್ಲಿ ಮೀಟರ್ ಯಾರು ನೋಡ್ತಾರೆ?" ಎಂದೆ. ಮೀಟರನ್ನು ಮೇಸ್ತ್ರಿಯೂ ನೋಡಬಹುದಿತ್ತು. ಅವರು ನೋಡಬಲ್ಲರೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗ ಸಾಹುಕಾರರು ಎದ್ದರು. "ನಾನು ಕೂಡ್ತೀನಿ ತಡೀರಿ. ಇವತ್ತಲ್ಲ ನಾಳೆ ಕೂಡೋನೇ ನಾನು" ಎಂದು ಪಂಚೆ ಎತ್ತಿ ಕಟ್ಟಿಕೊಂಡರು. ಓಡಿಹೋಗಿ ತಡೆದವನು ನಾನೇ. "ಬ್ಯಾಡ್ರಿ, ನಿಮಗೆ ಮೊದಲೇ ಉಸಿರಿನ ತೊಂದರೆ" ಎಂದೆ. ಅದು ಕಾಳಜಿ ಅಂದುಕೊಂಡಿದ್ದೆ. ಆ ಮುದುಕ ಕೂತುಬಿಟ್ಟರೆ ನನ್ನ ಮಾನ ಹರಾಜಾಗುತ್ತದೆ ಎನ್ನುವ ಹೆದರಿಕೆಯೂ ಅದರಲ್ಲಿ ಇತ್ತು.

ಕೊನೆಗೆ ಉಪಾಯ ತೆಗೆದವನೂ ನಾನೇ. ಪಕ್ಕದ ದೋಸೆ ಹೋಟೆಲಿನಿಂದ ಅರ್ಧ ಕೇಜಿ ಬೆಣ್ಣೆ ತರಿಸಿ, ಮುತ್ತುಗದ ಎಲೆಯಲ್ಲಿಟ್ಟು ಕುರ್ಚಿಯ ಮೇಲೆ ಇರಿಸಿ ಬಾಗಿಲು ಹಾಕಿದೆ. ಒಂದು ತಾಸು ಬಿಟ್ಟು ತೆಗೆದರೆ ಬೆಣ್ಣೆ ಕಲ್ಲಾಗಿತ್ತು. ಡ್ರೈವರ್ ಅದನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದ. ಎಲ್ಲರೂ ಚಪ್ಪಾಳೆ ಹೊಡೆದರು. ಸಾಹುಕಾರರು ನನ್ನ ಎರಡೂ ಕೈ ಹಿಡಿದುಕೊಂಡರು, ಅವರ ಕಣ್ಣಲ್ಲಿ ನೀರಿತ್ತು. ಬೆಣ್ಣೆ ಇದ್ದದ್ದು ಮನುಷ್ಯನ ತೊಡೆಯ ಎತ್ತರದಲ್ಲಿ. ಮುಖ ಬರುವುದು ಅದಕ್ಕಿಂತ ಎರಡೂವರೆ ಅಡಿ ಮೇಲೆ, ಬಿಸಿಲಿಗೆ ಕಾದ ತಗಡಿನ ಮಾಡಿನ ಹತ್ತಿರ. ಆ ಎರಡೂವರೆ ಅಡಿಯ ಬಗ್ಗೆ ಯಾರೂ ಕೇಳಲಿಲ್ಲ, ಮೇಸ್ತ್ರಿ ಕೂಡ. ಅವರು ಕೇಳಬೇಕಾದದ್ದನ್ನು ಆಗಲೇ ಕೇಳಿ ಆಗಿತ್ತು.

ಏಪ್ರಿಲ್ ಕೊನೆಗೆ ನನಗೆ ಹೆಣ್ಣು ಮಗು ಹುಟ್ಟಿತು. ಹೆರಿಗೆಗೆ ಹೆಂಡತಿ ತವರಿಗೆ ಹೋಗಬೇಕಿತ್ತು. ತವರೇನು ದೂರವಲ್ಲ, ನನ್ನ ಅಂಗಡಿಯ ಹಿಂದಿನ ಬೀದಿಯೇ. ಆದರೆ ಅಲ್ಲಿ ಬಾಣಂತನ ಮಾಡಬೇಕಾದ ಅತ್ತೆಯೇ ಹಾಸಿಗೆ ಹಿಡಿದಿದ್ದರು. ಕಿಡ್ನಿ ಕೈಕೊಟ್ಟಿತ್ತು. ಮಗು ಹುಟ್ಟುವ ಒಂದು ವಾರ ಮೊದಲು ಅವರನ್ನು ಮಂಗಳೂರಿಗೆ ಕರೆದೊಯ್ದರು. ಹೆಂಡತಿ ನಮ್ಮ ನಿಟ್ಟುವಳ್ಳಿಯ ಮನೆಯಲ್ಲೇ, ನನ್ನ ತಾಯಿಯ ಕೈಯಲ್ಲಿ ಬಾಣಂತನ ಮಾಡಿಸಿಕೊಂಡಳು. ಮೊಮ್ಮಗಳ ಫೋಟೋ ತೆಗೆಸಿ ಆಸ್ಪತ್ರೆಗೆ ಕಳಿಸಿದೆವು. ಅದು ತಲುಪುವಷ್ಟರಲ್ಲಿ ಅತ್ತೆಗೆ ನಂಜು ಮೈಗೆಲ್ಲ ಏರಿ ಎಚ್ಚರ ತಪ್ಪಿತ್ತು.

ಇನ್ನು ಎರಡು ಮೂರು ದಿನ ಅಷ್ಟೇ ಎಂದು ಡಾಕ್ಟರು ಹೇಳಿದ್ದನ್ನು ಮಾವ ಎಸ್‌ಟಿಡಿ ಬೂತಿನಿಂದ ತಿಳಿಸಿದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕೂಸಿನ ತಲೆ ಸವರಿದಳು.

"ಕೂಸಿನ ಮುಖ ಅವ್ವ ನೋಡ್ಲಿಲ್ಲ. ಅವ್ವನ ಮುಖ ನಾನಾರ ನೋಡ್ಬೇಕು ರೀ. ನನಗೆ ಬ್ಯಾರೆ ಏನೂ ಬ್ಯಾಡ."

"ನನ್ನ ಗಾಡಿ ಐತಲ್ಲ. ಮಲಗಿ ಎದ್ದು ಕೂತಂಗೆ ತಂದು ನಿನ್ನ ಮುಂದೆ ಇಳಿಸ್ತೀನಿ" ಎಂದೆ. ಮಾತು ಕೊಡುತ್ತೀರಾ ಎಂದಳು. ಕೊಟ್ಟೆ. ನನ್ನ ತಾಯಿ ಒಳಗಿನಿಂದ, ಹಸಿ ಬಾಣಂತಿ ಹೆಣದ ಮುಂದೆ ನಿಲ್ಲಬಾರದು ಎಂದು ಗೊಣಗಿದರು. ಅವರ ಬಾಯನ್ನೂ ನಾನೇ ಮುಚ್ಚಿಸಿದೆ.

ಸಾಹುಕಾರರನ್ನು ಕೇಳಿಕೊಂಡು ಗಾಡಿ ತೆಗೆದುಕೊಂಡು ಹೋದೆ. ಅದೇ ಅದರ ಮೊದಲ ಪ್ರಯಾಣ. ಅತ್ತೆಗೆ ಇನ್ನೂ ಉಸಿರಿತ್ತು, ನಾನು ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಗಾಡಿ ನಿಲ್ಲಿಸಿ ಕಾಯುತ್ತಿದ್ದೆ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ. ಆಗ ಅನ್ನಿಸಿದ್ದು, ಎಂಥ ಮುಂದಾಲೋಚನೆ ನನ್ನದು ಎಂದು.

ಮರುದಿನ ಬೆಳಗಿನ ಜಾವ ಅವರು ಹೋದರು. ಮಾವ ಮತ್ತು ನಾನು ಸೇರಿ, ಮೈ ಬಿಗಿಯುವ ಮೊದಲೇ ಕುರ್ಚಿಯಲ್ಲಿ ಕೂಡಿಸಿದೆವು. ಮಾವ ಹಣೆಗೆ ವಿಭೂತಿ ಹಚ್ಚಿದರು, ಕಾಲಿಗೆ ಅರಿಸಿನ ಹಚ್ಚಿದರು. ಎದೆಯ ಪಟ್ಟಿ, ಹಣೆಯ ಪಟ್ಟಿ ನಾನು ಕಟ್ಟಿದೆ. ನಿಜ ಹೇಳುತ್ತೇನೆ, ಅತ್ತೆಯ ಮುಖ ಶಾಂತವಾಗಿತ್ತು. ಊಟಕ್ಕೆ ಕೂತು, ಬಡಿಸುವವರಿಗೆ ಕಾಯುತ್ತಿರುವ ಹಾಗಿತ್ತು. ಆ ಮುಖ ಕೊನೆಗೆ ನೋಡಿದವರು ನಾವಿಬ್ಬರೇ.

ಏಳಕ್ಕೆ ಹೊರಟೆವು. ಡ್ರೈವರ್, ನಡುವೆ ಮಾವ, ಬಾಗಿಲ ಬಳಿ ನಾನು. ಘಾಟಿ ಹತ್ತಿದೆವು, ಶಿವಮೊಗ್ಗ ದಾಟಿದೆವು. ಮೇ ತಿಂಗಳ ಬಿಸಿಲು, ಕ್ಯಾಬಿನ್ನಿನಲ್ಲಿ ನಾವು ಬೇಯುತ್ತಿದ್ದೆವು. ನನ್ನ ಕಣ್ಣು ಮಾತ್ರ ಮೀಟರಿನ ಮೇಲೆ. ಮುಳ್ಳು ನಾಲ್ಕು ಡಿಗ್ರಿ ಬಿಟ್ಟು ಅಲುಗಲಿಲ್ಲ. ಮೀಟರಿನ ತಂತಿಯ ತುದಿಯನ್ನು ನಾನು ಕುರ್ಚಿಯ ಕೆಳಗೆ, ಕಾಯಿಲಿನ ಪಕ್ಕದಲ್ಲೇ ಸಿಕ್ಕಿಸಿದ್ದೆ. ಅದು ತನ್ನ ಪಕ್ಕದಲ್ಲಿದ್ದದ್ದನ್ನು ಸರಿಯಾಗಿಯೇ ಹೇಳುತ್ತಿತ್ತು.

ಹೊನ್ನಾಳಿಯಲ್ಲಿ ಚಹಾಕ್ಕೆ ನಿಂತಾಗ ಮಾವ ಕೇಳಿದರು. "ಅಳಿಯಾರೇ, ಒಂದೀಟು ಬಾಗಿಲು ತೆಗೆದು ನೋಡಾನೇನ್ರಿ? ಆಕಿ ಹೆಂಗದಾಳೋ ಏನೋ."

"ತೆಗೆದ್ರೆ ತಂಪೆಲ್ಲ ಹೋಗ್ತೈತೆ ಮಾವಾರೇ. ಇಲ್ನೋಡ್ರಿ, ನಾಲ್ಕು ಡಿಗ್ರಿ. ಅವ್ರು ನಮಗಿಂತ ಆರಾಮಾಗಿ ಅದಾರೆ."

ಮಾವ ಮೀಟರನ್ನು ನೋಡಿದರು. ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ, ನನ್ನ ಮಾತನ್ನು ನಂಬಿ ತಲೆಯಾಡಿಸಿದರು. ಹರಿಹರದ ಹೊಳೆ ದಾಟುವಾಗ ಪೆಟ್ಟಿಗೆಯ ಕಡೆ ತಿರುಗಿ ಕೈ ಮುಗಿದರು. "ಬಂತು ನೋಡು, ಇನ್ನೇನು ಮನಿ ಬಂತು" ಎಂದು ಅತ್ತೆಗೆ ಹೇಳಿದರು.

ಐದು ಗಂಟೆಗೆ ವಿನೋಬನಗರದ ಮಾವನ ಮನೆ ಮುಟ್ಟಿದೆವು. ಬೀದಿ ತುಂಬ ಜನ. ಸಾಹುಕಾರರೂ ಬಂದು ಕಟ್ಟೆಯ ಮೇಲೆ ಕೂತಿದ್ದರು, ತಮ್ಮ ಗಾಡಿ ಮೊದಲ ಸಲ ಒಬ್ಬರನ್ನು ಕರೆತರುವುದನ್ನು ನೋಡಲು. ಬಾಗಿಲು ತೆಗೆಯಲು ಅವರನ್ನೇ ಕರೆದೆ. ಗೌರವಕ್ಕೆ ಕರೆದೆ.

ಬಾಗಿಲು ತೆರೆದಾಗ ಮೊದಲು ಕಾಲಿಗೆ ತಂಪು ಬಡಿಯಿತು. ಆಮೇಲೆ, ಮುಖಕ್ಕೆ, ವಾಸನೆ.

ಆ ಮುಖವನ್ನು ಇಲ್ಲಿ ಬರೆಯುವುದಿಲ್ಲ. ಬೆಳಿಗ್ಗೆ ನಾನು ಪಟ್ಟಿ ಕಟ್ಟಿದ ಮುಖ ಅದಾಗಿರಲಿಲ್ಲ, ಅಷ್ಟು ಸಾಕು. ಹೆಗಲ ಮೇಲಿದ್ದ ಟವೆಲ್ಲನ್ನೇ ತೆಗೆದು ಅದರ ಮೇಲೆ ಹಾಕಿದೆ. ಸಾಹುಕಾರರು ನೋಡಿಬಿಟ್ಟಿದ್ದರು. ಗಾಡಿಯ ಬಾಗಿಲು ಹಿಡಿದುಕೊಂಡು ಮೆಲ್ಲಗೆ ಇಳಿದು, ಕಟ್ಟೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತರು. ಅವರ ಹೆಂಡತಿ ಎರಡನೆಯ ಸಲ ಸತ್ತಂತಾಯಿತು.

ಕುರ್ಚಿಯ ಸಮೇತ ಇಳಿಸಿ ಪಡಸಾಲೆಯಲ್ಲಿ ಇಟ್ಟೆವು. ತಲೆಗೆ, ಕಿವಿಗೆ ಬಟ್ಟೆ ಸುತ್ತಿಕೊಂಡು ನನ್ನ ಹೆಂಡತಿ ಆಟೋದಲ್ಲಿ ಬಂದಳು. ಜನ ದಾರಿ ಬಿಟ್ಟರು. ಅವಳು ಎದುರು ಬಂದು ನಿಂತು ಟವೆಲ್ಲನ್ನು ನೋಡಿದಳು, ನನ್ನನ್ನು ನೋಡಿದಳು.

"ತೆಗೀರಿ."

"ಬ್ಯಾಡ."

"ತೆಗೀರಿ ರೀ. ಮಾತು ಕೊಟ್ಟೀರಿ ನೀವು."

ನಾನು ಟವೆಲ್ಲಿನ ತುದಿಯನ್ನು ಬಿಡಲಿಲ್ಲ. ಅವಳು ಜಗ್ಗಿದಳು, ನಾನು ಹಿಡಿದೇ ಇದ್ದೆ. ಎಲ್ಲರ ಮುಂದೆ, ಹೆಣದ ಮುಂದೆ, ಗಂಡ ಹೆಂಡತಿ ಒಂದು ಟವೆಲ್ಲಿಗೆ ಜಗ್ಗಾಡಿದೆವು. ಕೊನೆಗೆ ಅವಳ ಕೈಯೇ ಸೋತಿತು, ಬಾಣಂತಿಯ ಕೈ. ಕುಸಿದು ಕೂತು ಅವ್ವನ ಕಾಲು ಹಿಡಿದುಕೊಂಡಳು.

ಕಾಲು ಬೆಳಿಗ್ಗೆ ಇದ್ದಂತೆಯೇ ಇದ್ದವು. ಅರಿಸಿನ ಮಾಸಿರಲಿಲ್ಲ. ಕಾಲುಂಗುರದ ಮೇಲೆ ಸಣ್ಣ ಹನಿ ಕಟ್ಟಿ ಹೊಳೆಯುತ್ತಿತ್ತು. ಅವಳು ಒಂದೊಂದೇ ಬೆರಳನ್ನು ಮುಟ್ಟಿ ನೋಡಿ ತಲೆ ಎತ್ತಿದಳು.

"ಕಾಲು ಇಷ್ಟು ಚಂದ ಅದಾವಲ್ಲ. ಮುಖಕ್ಕೆ ಏನಾತು?"

ಅಷ್ಟು ಜನರಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಘಾಟಿಯಲ್ಲಿ ಗ್ಯಾಸ್ ಲೀಕಾಗಿದೆ ಎಂದುಬಿಟ್ಟೆ.

ಮಣ್ಣಾದ ಮೂರನೆಯ ದಿನ ಗಾಡಿ ಹೊಡೆದುಕೊಂಡು ಹರಿಹರಕ್ಕೆ ಹೋದೆ. ಮೇಸ್ತ್ರಿಗೆ ಸುದ್ದಿ ಮುಟ್ಟಿತ್ತು. ಕುರ್ಚಿಯನ್ನು ಮತ್ತೆ ಒಳಗೆ ಕೂರಿಸಿ, ಇಂಜಿನ್ ಚಾಲೂ ಮಾಡಿ, ನಾನು ಒಳಗೆ ಹತ್ತಿದೆ.

"ಬಾಗಿಲು ಹಾಕ್ರಿ" ಎಂದೆ. ಅವರು ಹಾಕಿದರು.

ಒಂದು ನಿಮಿಷಕ್ಕೆ ಪಾದ ಜುಮ್ಮೆಂದಿತು. ಎರಡನೆಯ ನಿಮಿಷಕ್ಕೆ ಮೊಣಕಾಲು ತನಕ ಕೊರೆಯತೊಡಗಿತು. ತೊಡೆಯ ಮೇಲೂ ತಂಪಿತ್ತು, ಬೆಣ್ಣೆ ಇದ್ದ ಜಾಗ. ಹೊಟ್ಟೆಯ ಹತ್ತಿರ ಅದು ನಿಂತುಬಿಟ್ಟಿತು. ಹಣೆಯ ಮೇಲೆ ಬೆವರು ಹುಟ್ಟಿ ಕಣ್ಣಿಗೆ ಇಳಿಯಿತು. ಕೈ ಎತ್ತಿ ಮಾಡು ಮುಟ್ಟಿದೆ, ಕಾದ ಹಂಚು. ಕೈಯನ್ನು ಮೆಲ್ಲಗೆ ಕೆಳಗಿಳಿಸುತ್ತಾ ಬಂದರೆ ಬಿಸಿ ಎಲ್ಲಿ ಮುಗಿದು ತಂಪು ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಗೇ ತಿಳಿಯುತ್ತಿತ್ತು. ಐದು ನಿಮಿಷ ಕೂಡ ಆಗಿರಲಿಲ್ಲ. ಐದು ನಿಮಿಷ ಕೂತಿದ್ದರೆ ಸಾಕಿತ್ತು. ಆ ಕತ್ತಲಲ್ಲಿ ನಾನು ಎದೆಯ ಪಟ್ಟಿಯನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಮೇಸ್ತ್ರಿ ಹೊರಗಿನಿಂದ ಎರಡು ಸಲ ತಟ್ಟಿದರು, ಆಮೇಲೆ ತಟ್ಟಲಿಲ್ಲ. ಕಾಯುತ್ತಾ ನಿಂತರು.

ಹೊರಗೆ ಬಂದಾಗ ಅವರು ಮಾಡಿನ ಕೆಳಗಿನ ಆ ಹಳೆಯ ಚೌಕಟ್ಟನ್ನು ಶೆಡ್ಡಿನ ಮೂಲೆಯಿಂದ ತೆಗೆದುಕೊಂಡು ಬಂದರು. ಎಸೆದಿರಲಿಲ್ಲ. ಕಾಯಿಲನ್ನು ಮೇಲಕ್ಕೆ ಏರಿಸಿದೆವು. ಅದರ ಕೆಳಗೆ ಆಳದ ಟ್ರೇ, ಟ್ರೇಯೊಳಗೆ ನೀರು ತುಳುಕದಂತೆ ಅಡ್ಡಪಟ್ಟಿಗಳು, ಎರಡೂ ಬದಿಗೆ ನೀರು ಹೋಗುವ ಪೈಪು. ಎಲ್ಲ ಸೇರಿ ಎರಡು ದಿನದ ಕೆಲಸ. ಮೀಟರಿನ ತಂತಿಯನ್ನು ಹಣೆಯ ಪಟ್ಟಿಗೆ ಕಟ್ಟಿದೆ. ಆಮೇಲೆ ಮತ್ತೆ ಒಳಗೆ ಕೂತೆ, ಮೇಸ್ತ್ರಿ ಹೊಳೆಯ ದಂಡೆಯ ಗುಂಡಿಬಿದ್ದ ರಸ್ತೆಯಲ್ಲಿ ಅರ್ಧ ತಾಸು ಗಾಡಿ ಓಡಿಸಿದರು. ಮುಖ ಮರಗಟ್ಟುವಷ್ಟು ತಂಪು. ಒಂದು ಹನಿಯೂ ಬೀಳಲಿಲ್ಲ.

ಸಾಹುಕಾರರಿಗೆ ಇಷ್ಟನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಕೇಳಿಸಿಕೊಂಡು, "ಸರಿ ಆತಲ್ಲ, ಓಡಲಿ" ಎಂದರು. ನನ್ನ ಅಂಗಡಿಗೆ ಆಮೇಲೆ ಅವರು ಬರಲಿಲ್ಲ. ಗಾಡಿ ಮಾತ್ರ ಓಡಿತು. ಮಂಗಳೂರಿಗೆ, ಬೆಂಗಳೂರಿಗೆ, ಬೆಳಗಾವಿಗೆ. ಯಾರ ಯಾರದೋ ಅಪ್ಪ ಅವ್ವಂದಿರು ಅದರಲ್ಲಿ ಕೂತು ಮನೆಗೆ ಬಂದರು. ಪ್ರತಿ ಸಲ ಹೊರಡುವ ಮುಂಚೆ ನಾನು ಐದು ನಿಮಿಷ ಒಳಗೆ ಕೂತು ಏಳುತ್ತಿದ್ದೆ. ಡ್ರೈವರ್ ಮುಖ ತಿರುಗಿಸಿಕೊಳ್ಳುತ್ತಿದ್ದ.

ಮಗಳಿಗೆ ವರ್ಷ ತುಂಬುವ ಹೊತ್ತಿಗೆ ಒಬ್ಬ ಹೆಂಗಸು ವಿಳಾಸ ಕೇಳಿಕೊಂಡು ನಿಟ್ಟುವಳ್ಳಿಯ ಮನೆಗೆ ಬಂದರು. ಅವರ ತಾಯಿಯನ್ನು ಹಿಂದಿನ ವಾರ ಆ ಗಾಡಿಯಲ್ಲಿ ತಂದಿದ್ದರು. ಒಂದು ಡಜನ್ ಬಾಳೆಹಣ್ಣು ನನ್ನ ಹೆಂಡತಿಯ ಕೈಗಿಟ್ಟು, "ನಿದ್ದಿ ಮಾಡಿದಂಗೆ ಇತ್ತವ್ವಾ ನಮ್ಮವ್ವನ ಮುಖ. ನಿನ್ನ ಗಂಡನ ಕೈ ತಣ್ಣಗಿರಲಿ" ಎಂದು ಅತ್ತರು. ಹೆಂಡತಿ ಅವರನ್ನು ಕೂರಿಸಿ, ಚಹಾ ಕೊಟ್ಟು, ಬಾಗಿಲ ತನಕ ಹೋಗಿ ಕಳಿಸಿ ಬಂದಳು.

ಬಂದವಳು ನನ್ನ ಎದುರು ನಿಂತಳು. "ಗ್ಯಾಸ್ ಲೀಕ್ ಆಗಿತ್ತು ಅಂದ್ರಿ. ಗ್ಯಾಸ್ ಹೋದ್ರೆ ಕಾಲು ಯಾಕ ತಣ್ಣಗಿದ್ವು?"

ಒಂದು ವರ್ಷ ಅವಳು ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಇನ್ನು ಸುಳ್ಳು ಹೇಳುವ ಶಕ್ತಿ ನನಗೆ ಇರಲಿಲ್ಲ. ಕಾಯಿಲು ಕೆಳಗಿಟ್ಟದ್ದು, ಯಾರೂ ಕೂರದೆ ಹೋದದ್ದು, ಬೆಣ್ಣೆ ಇಟ್ಟದ್ದು, ಎಲ್ಲ ಹೇಳಿದೆ. ನಾನು ಮೆಟ್ಟಿಲ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದದ್ದನ್ನೂ ಹೇಳಿದೆ. "ನೀನು ಬಸುರಿ ಇದ್ದೆ. ನಿನಗೆ, ಕೂಸಿಗೆ ಏನಾರ ಆಗ್ತೈತೆ ಅಂತ ಹೆದರಿದೆ" ಎಂದೆ.

ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ನೆಲದ ಮೇಲೆ ಆಡುತ್ತಿದ್ದ ಮಗಳನ್ನು ಎತ್ತಿಕೊಂಡಳು.

"ನನ್ನನ್ನ ಕೇಳಿದ್ರ ನಾನೇ ಬಂದು ಕೂಡ್ತಿದ್ದೆ. ಆ ಹೊಟ್ಟೀನೂ ಹೊತ್ಕೊಂಡು ಬಂದು ಕೂಡ್ತಿದ್ದೆ. ನಮ್ಮವ್ವ ಕೂಡೋ ಕುರ್ಚಿ ಅಲ್ಲೇನು ಅದು?"

ಅಷ್ಟೇ ಹೇಳಿ, ಮಗಳಿಗೆ ಹಾಲು ಕಾಯಿಸಲು ಒಳಗೆ ಹೋದಳು.